ಮೇಲಿಂದ ಮೂರನೆಯವರು

ನಾನು ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿ ಕೂರಿಸುವವಳು. ಕಿಟಕಿ, ಅದರೊಳಗೊಂದು ಪಟ್ಟಿ, ಪಟ್ಟಿಯ ಕೆಳಗೆ ಬಟನ್. ಫೋನಿನಲ್ಲಿ ಓಡುವಂಥದ್ದಲ್ಲ, ಇಂಟರ್‌ನೆಟ್ಟಿನಲ್ಲಿ ತೆರೆದುಕೊಳ್ಳುವಂಥದ್ದೂ ಅಲ್ಲ; ಅಂಗಡಿಗಳ ಮೇಜಿನ ಮೇಲೆ ಧೂಳು ಹಿಡಿದು ಕೂತಿರುವ ಕಂಪ್ಯೂಟರಿನೊಳಗೆ ಬೆಳಗಿನಿಂದ ಸಂಜೆಯವರೆಗೆ ಕತ್ತೆ ಚಾಕರಿ ಮಾಡುವ ಪ್ರೋಗ್ರಾಮ್‌ಗಳು ನನ್ನವು. "ಅಯ್ಯೋ, ಅಂಥದ್ದೆಲ್ಲ ಇನ್ನೂ ಇದೆಯಾ?" ಎಂದು ನನ್ನ ಅಣ್ಣ ಸಿಕ್ಕಾಗಲೆಲ್ಲ ಕೇಳುತ್ತಾನೆ, ನಾನೇನೋ ಟೈಪ್‌ರೈಟರ್ ರಿಪೇರಿ ಮಾಡಿಕೊಂಡಿದ್ದೇನೆ ಎನ್ನುವ ಹಾಗೆ. ಇದೆ. ಅವನು ಹಲ್ಲು ಕೀಳಿಸಿಕೊಳ್ಳುವ ಕ್ಲಿನಿಕ್ಕಿನಲ್ಲೂ ಇದೆ, ಕಾರು ತೊಳೆಸುವ ಕಡೆಯೂ ಇದೆ. ಕೌಂಟರಿನ ಈಚೆ ನಿಲ್ಲುವವನಾದ್ದರಿಂದ ಅವನಿಗೆ ಕಾಣುವುದಿಲ್ಲ, ಅಷ್ಟೇ.

ಈ ಕೆಲಸದಲ್ಲಿ ಒಂದು ಸುಖವಿದೆ. ಏನು ಕೆಟ್ಟರೂ ತಪ್ಪು ಕುರ್ಚಿಯ ಮೇಲೆ ಕೂತವರದು ಎಂದು ನಂಬಿಕೊಂಡು ಹಾಯಾಗಿರಬಹುದು. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಹೌದು. ಒಬ್ಬರು "ನಿಮ್ಮ ಪ್ರೋಗ್ರಾಮ್ ಸತ್ತೇಹೋಗಿದೆ" ಎಂದು ಬಾಯಿ ಬಡಿದುಕೊಂಡು ನನ್ನನ್ನು ಊರಿನ ಆ ತುದಿಯಿಂದ ಕರೆಸಿಕೊಂಡರು. ಹೋಗಿ ನೋಡಿದರೆ ಅವರು ಆಡಿಸುತ್ತಿದ್ದುದು ಪಕ್ಕದ ಕಂಪ್ಯೂಟರಿನ ಮೌಸು. ಇನ್ನೊಬ್ಬರು ಪರದೆಯಲ್ಲಿದ್ದ ಬಟನ್ನನ್ನು ಬೆರಳಿನಿಂದಲೇ ಒತ್ತಿ ಒತ್ತಿ ಗಾಜಿನ ಮೇಲೆ ಎಣ್ಣೆಯ ಮಚ್ಚೆ ಮಾಡಿಟ್ಟಿದ್ದರು. ಇಂಥವರ ನಡುವೆ ಹದಿಮೂರು ವರ್ಷ ಕಳೆದ ಮೇಲೆ ಯಾರು ದೂರು ಹೇಳಿದರೂ ನನ್ನ ಮುಖದ ಮೇಲೆ ಒಂದು ಕನಿಕರದ ನಗು ತಾನಾಗಿಯೇ ಬಂದು ಕೂರುತ್ತದೆ. ಆ ನಗುವಿಗೆ ಯಾರಾದರೂ ಎಂದೋ ಎರಡು ಬಿಡಬೇಕಿತ್ತು. ಬಿಟ್ಟಿರಲಿಲ್ಲ.

ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಹತ್ತೊಂಬತ್ತು ವರ್ಷದಿಂದ ಒಂದು ಕನ್ನಡಕದ ಅಂಗಡಿಯ ಕೌಂಟರಿನಲ್ಲಿದ್ದಾಳೆ. ಐವತ್ತಾರು ವಯಸ್ಸು, ಮದುವೆಯಾಗಲಿಲ್ಲ, ಒಬ್ಬಳೇ ಇರುತ್ತಾಳೆ, ಬಾಯಿ ಜೋರು. ಆ ಅಂಗಡಿಗೆ ಪ್ರೋಗ್ರಾಮ್ ಬರೆಯುವ ಕೆಲಸ ನನಗೆ ಸಿಕ್ಕಿದ್ದೂ ಅವಳಿಂದಲೇ. "ನಮ್ಮಕ್ಕನ ಮಗಳೊಬ್ಬಳಿದ್ದಾಳೆ, ಮನೇಲೇ ಕೂತು ಕಂಪ್ಯೂಟರ್ ಕುಟ್ತಿರ್ತಾಳೆ, ಕೇಳಿ ನೋಡಿ" ಎಂದು ಅಂಗಡಿಯ ಯಜಮಾನರಿಗೆ ಹೇಳಿದ್ದಳಂತೆ. ಅದಕ್ಕಿಂತ ದೊಡ್ಡ ಶಿಫಾರಸು ನನಗೆ ಇವತ್ತಿನವರೆಗೂ ಯಾರಿಂದಲೂ ಸಿಕ್ಕಿಲ್ಲ.

ಅಲ್ಲಿನ ವ್ಯವಹಾರ ಸರಳ. ಒಳಗೆ ಎರಡು ಕೋಣೆಗಳಲ್ಲಿ ಕಣ್ಣಿನ ಪರೀಕ್ಷೆ ನಡೆಯುತ್ತದೆ. ಮುಗಿದ ಕೂಡಲೇ ಗಿರಾಕಿಯ ಹೆಸರೂ ಕಣ್ಣಿನ ನಂಬರೂ ಕೌಂಟರಿನ ಪರದೆಯಲ್ಲಿರುವ ಪಟ್ಟಿಗೆ ಬಂದು ಸೇರುತ್ತವೆ. ಹೊಸದಾಗಿ ಬಂದವರು ಮೇಲೆ, ಮೊದಲು ಬಂದವರು ಕೆಳಗೆ. ಗಿರಾಕಿ ಫ್ರೇಮ್ ಆರಿಸಿಕೊಂಡು ಕೌಂಟರಿಗೆ ಬಂದಾಗ ಚಿಕ್ಕಮ್ಮ ಅವರ ಹೆಸರಿನ ಮೇಲೆ ಕ್ಲಿಕ್ ಮಾಡುತ್ತಾಳೆ, ಆ ಸಾಲು ನೀಲಿಯಾಗುತ್ತದೆ. ಕೆಳಗಿನ 'ಚೀಟಿ' ಬಟನ್ ಒತ್ತಿದರೆ ಪುಟ್ಟ ಪ್ರಿಂಟರಿನಿಂದ ಎರಡು ಬೆರಳಗಲದ ಚೀಟಿ ಹೊರಗೆ ಬಂದು, ಹೆಸರಿನ ಮುಂದೆ ಒಂದು ಟಿಕ್ ಬೀಳುತ್ತದೆ. ಆ ಚೀಟಿಯನ್ನೂ ಫ್ರೇಮನ್ನೂ ಒಂದು ಟ್ರೇಯಲ್ಲಿಟ್ಟು ಹಿಂದಿನ ವರ್ಕ್‌ಶಾಪಿಗೆ ಕಳಿಸಿದರೆ, ಅಲ್ಲಿ ಲೆನ್ಸ್ ಉಜ್ಜುವವರು ಚೀಟಿಯಲ್ಲಿರುವ ನಂಬರಿನ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುತ್ತಾರೆ. ಚೀಟಿಯ ಮೇಲೆ ಆರ್ಡರ್ ಸಂಖ್ಯೆ, ಎಡಗಣ್ಣು, ಬಲಗಣ್ಣು, ಇಷ್ಟೇ. ಹೆಸರಿಗೆ ಜಾಗ ಸಾಲುವುದಿಲ್ಲ ಎಂದು ತೀರ್ಮಾನಿಸಿದವಳು ನಾನೇ.

ಮೊದಲು ಪಟ್ಟಿಗೆ ಹೊಸ ಹೆಸರು ಬರಬೇಕಾದರೆ ಒಂದು ಬಟನ್ ಒತ್ತಬೇಕಿತ್ತು. ಯಜಮಾನರು ಒಂದು ದಿನ ಫೋನ್ ಮಾಡಿ, "ಇದೇನಮ್ಮ, ಬಾವಿಯಿಂದ ನೀರು ಸೇದಿದ ಹಾಗೆ ಒಂದೊಂದು ಸಲವೂ ಒತ್ತಬೇಕಾ? ತಾನೇ ಬರೋ ಹಾಗೆ ಮಾಡಕ್ಕಾಗಲ್ವಾ?" ಎಂದರು. ಯಾಕಾಗಬಾರದು! ಒಂದೇ ಮಧ್ಯಾಹ್ನದಲ್ಲಿ ಮಾಡಿಕೊಟ್ಟೆ. ಐದು ಸೆಕೆಂಡಿಗೊಮ್ಮೆ ಪಟ್ಟಿ ತನ್ನಷ್ಟಕ್ಕೆ ತಾನೇ ಹೊಸದಾಗುತ್ತಿತ್ತು. ಮರುದಿನವೇ ಬಿರುಗಾಳಿಯ ಫೋನು.

ಬಿರುಗಾಳಿ ಎಂದರೆ ಚಿಕ್ಕಮ್ಮನ ಪಕ್ಕದ ಕಂಪ್ಯೂಟರಿನಲ್ಲಿ ಕೂರುವ ಹುಡುಗಿ. ಸೇರಿ ಎರಡು ವರ್ಷವಾಗಿದೆ. ಗಿರಾಕಿ ಬಾಯಿ ಬಿಡುವಷ್ಟರಲ್ಲಿ ಅವಳ ಕೆಲಸ ಮುಗಿದಿರುತ್ತದೆ. ಹೆಸರು ಕೇಳಿ ತಲೆಯನ್ನೂ ಎತ್ತದೆ ಟಕ್ ಟಕ್ ಎಂದು ಎರಡು ಸಲ ಒತ್ತಿ ಟ್ರೇಯನ್ನು ತಳ್ಳಿಬಿಡುತ್ತಾಳೆ. ಎದುರು ನಿಂತದ್ದು ಮನುಷ್ಯರೋ ಬೀರುವೋ ಎಂಬುದು ಅವಳಿಗೆ ಇವತ್ತಿಗೂ ಖಚಿತವಿಲ್ಲ. "ಅಕ್ಕಾ, ನಾನು ಸೆಲೆಕ್ಟ್ ಮಾಡ್ತೀನಿ, ನೀಲಿ ಮಾಯ ಆಗ್ಬಿಡುತ್ತೆ" ಎಂದು ದೂರು ಹೇಳಿದಳು. ಪಟ್ಟಿ ಹೊಸದಾದಾಗಲೆಲ್ಲ ಅದರ ಜೊತೆಗೆ ನೀಲಿ ಗೆರೆಯೂ ಅಳಿಸಿಹೋಗುತ್ತಿತ್ತು. ಒಂದೇ ಒಂದು ಸಾಲು ಬರೆದೆ: ಗೆರೆ ಎಲ್ಲಿತ್ತೋ ಪಟ್ಟಿ ಹೊಸದಾದ ಮೇಲೂ ಅಲ್ಲೇ ಇರಲಿ. ಹತ್ತು ನಿಮಿಷದ ಕೆಲಸ. ಕಳಿಸಿಕೊಟ್ಟು, ನನ್ನ ಬೆನ್ನು ನಾನೇ ತಟ್ಟಿಕೊಂಡು ಕಾಫಿ ಮಾಡಿಕೊಂಡೆ.

ಅದಾದ ವಾರದಿಂದಲೇ ಅಂಗಡಿಯಲ್ಲಿ ಅಧ್ವಾನ ಶುರುವಾಯಿತು. ಡ್ರೈವಿಂಗ್ ಸ್ಕೂಲಿನ ಮೇಷ್ಟರಿಗೆ ಯಾರೋ ಅಜ್ಜಿ ಕಸೂತಿ ಹಾಕಲೆಂದು ಮಾಡಿಸಿದ ಕನ್ನಡಕದ ಲೆನ್ಸ್ ಹೋಗಿ ಕೂತಿತು. ಹಾಕಿಕೊಂಡ ಕೂಡಲೇ ರಸ್ತೆಯೆಲ್ಲ ಮಸುಕಾಗಿ, ಅವತ್ತು ಪಾಠ ಹೇಳಿಸಿಕೊಳ್ಳಲು ಬಂದಿದ್ದ ಹುಡುಗಿಯೇ ಅವರನ್ನು ಮನೆಗೆ ಬಿಟ್ಟು ಬಂದಳಂತೆ. ಒಬ್ಬ ಕ್ಷೌರಿಕ ಗಿರಾಕಿಯ ಮೀಸೆಯನ್ನು ಅರ್ಧಕ್ಕೇ ನಿಲ್ಲಿಸಿ ಅಂಗಡಿಗೆ ಓಡಿಬಂದ. ಅರ್ಧ ಮೀಸೆಯವನೂ ಹಿಂದೆಯೇ ಬಂದ. ಒಬ್ಬ ನಿವೃತ್ತ ಹೆಡ್‌ಮಿಸ್ಸು ಮಾತ್ರ ತಪ್ಪು ಕನ್ನಡಕವನ್ನು ವಾಪಸು ಕೊಡಲು ಒಪ್ಪಲೇ ಇಲ್ಲ. "ಇದನ್ನ ಹಾಕ್ಕೊಂಡ್ರೆ ಅಕ್ಕಪಕ್ಕದವರೆಲ್ಲ ಚೆನ್ನಾಗಿ ಕಾಣ್ತಾರೆ, ಇದೇ ಇರಲಿ" ಎಂದರಂತೆ.

ಎಲ್ಲ ಟ್ರೇಗಳೂ ಚಿಕ್ಕಮ್ಮನ ಕಡೆಯಿಂದ ಹೋದವು. ಬಿರುಗಾಳಿಯದು ಒಂದೂ ಇಲ್ಲ.

ಲೆನ್ಸಿಗಿಂತ ಅವಳನ್ನು ಹೆಚ್ಚು ಕಾಡಿದ್ದು ಟಿಕ್ ಗುರುತು. ಈಗ ತಾನೇ ಕೈಯಾರೆ ಕಳಿಸಿದವರ ಹೆಸರಿನ ಮುಂದೆ ಟಿಕ್ ಇರುತ್ತಿರಲಿಲ್ಲ. ಇನ್ನೂ ಕೌಂಟರಿಗೇ ಬಾರದವರ ಹೆಸರಿನ ಮುಂದೆ ಇರುತ್ತಿತ್ತು. "ನಿಮ್ಮದು ಆಗ್ಲೇ ಹೋಗಿದೆಯಲ್ಲ" ಎಂದು ಇವಳು ಹೇಳುವುದು, "ಎಲ್ಲಿಗೆ ಹೋಗುತ್ತಮ್ಮ, ಫ್ರೇಮು ನನ್ನ ಕೈಯಲ್ಲೇ ಇದೆ" ಎಂದು ಅವರು ಎತ್ತಿ ತೋರಿಸುವುದು. ಸುತ್ತ ನಿಂತವರು ನಗುವುದು. ಮಾಡಿದ್ದನ್ನು ಮಾಡಿಲ್ಲ ಎಂದೂ, ಮಾಡದ್ದನ್ನು ಮಾಡಿದ್ದೀಯ ಎಂದೂ ಪರದೆ ಹೇಳುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ಟ್ರೇಯನ್ನೂ ತಪ್ಪಿಸದವಳು ಯಾವುದನ್ನು ನಂಬಬೇಕು?

ನನಗೊಮ್ಮೆ ಫೋನ್ ಮಾಡಿದ್ದಳು. "ಏನೇ, ನಾನು ಒಬ್ರನ್ನ ಒತ್ತಿದ್ರೆ ಇನ್ನೊಬ್ರದ್ದು ಹೋಗುತ್ತಲ್ಲೇ. ಒಂಚೂರು ನೋಡ್ತೀಯಾ?"

"ಚಿಕ್ಕಮ್ಮ, ಕಂಪ್ಯೂಟರ್ ನೀನು ಹೇಳಿದ್ದನ್ನ ಮಾತ್ರ ಮಾಡುತ್ತೆ" ಎಂದೆ. ಆ ಕನಿಕರದ ನಗು ಧ್ವನಿಯಲ್ಲೂ ಇತ್ತು. "ಸರಿಯಾಗಿ ನೋಡಿ ಒತ್ತು. ಪಕ್ಕದವಳಿಗೆ ಯಾಕೆ ಆಗಲ್ಲ ಹೇಳು?"

ಚಿಕ್ಕಮ್ಮ ತಿರುಗಿ ನನ್ನ ಜನ್ಮ ಜಾಲಾಡಬೇಕಿತ್ತು. "ಹೌದಲ್ವಾ" ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟಳು. ಅವಳು ಅಷ್ಟು ಸುಲಭಕ್ಕೆ ಒಪ್ಪಿಕೊಂಡದ್ದೇ ವಿಚಿತ್ರ ಎಂದು ಹೊಳೆಯಲು ನನಗೆ ಇನ್ನೂ ನಾಲ್ಕು ವಾರ ಬೇಕಾಯಿತು.

ಒಂದು ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಒಲೆಯ ಮೇಲಿನ ಗೋಡೆಗೆ ಒಂದು ಕಾಗದ ಅಂಟಿಸಿತ್ತು: 'ಗ್ಯಾಸ್ ಆರಿಸಿದೆಯಾ? ಮತ್ತೊಮ್ಮೆ ನೋಡು.' ಬಾಗಿಲ ಹಿಂದೆ: 'ಬೀಗದ ಕೈ ಎಡಗಡೆ ಮೊಳೆಯಲ್ಲಿ.' ಮಾತ್ರೆ ಡಬ್ಬಿಯ ಮೇಲೆ: 'ತಗೊಂಡಾಯ್ತು ಅಂದ್ಕೋಬೇಡ. ಎಣಿಸು.' ಫೋನಿನ ಪಕ್ಕ ನನ್ನದೂ ಅಮ್ಮನದೂ ಹೆಸರು, ಜೊತೆಗೆ 'ಅಕ್ಕ', 'ಅಕ್ಕನ ಮಗಳು' ಎಂದು ಸಂಬಂಧ.

ನನಗೆ ಮೊದಲು ನಗು ಬಂತು. "ಏನ್ ಚಿಕ್ಕಮ್ಮ, ಮನೆಗೂ ಬೋರ್ಡ್ ಹಾಕ್ಸಿದ್ದೀಯಾ? ಗಿರಾಕಿಗಳು ಇಲ್ಲಿಗೂ ಬರ್ತಾರಾ?"

ಅವಳು ನಗಲಿಲ್ಲ. ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತಳು. "ನಿಮ್ಮಮ್ಮಂಗೆ ಈಗ್ಲೇ ಹೇಳ್ಬೇಡ. ನಿಮ್ಮಜ್ಜಿಗೂ ಹೀಗೇ ಶುರುವಾಗಿದ್ದು. ಮೊದಲು ಹಾಲು ಇಟ್ಟಿದ್ನಾ ಇಲ್ವಾ ಅಂತ. ಆಮೇಲೆ ಬಾಗಿಲು. ಆಮೇಲೆ ನಾನು."

ಅಜ್ಜಿಯ ಕೊನೆಯ ಆರು ವರ್ಷವನ್ನು ನೋಡಿಕೊಂಡವಳು ಚಿಕ್ಕಮ್ಮನೇ. ಅಜ್ಜಿ ಅವಳನ್ನು ಒಂದು ದಿನ ನರ್ಸ್ ಎನ್ನುತ್ತಿದ್ದಳು, ಇನ್ನೊಂದು ದಿನ ಕಳ್ಳಿ ಎನ್ನುತ್ತಿದ್ದಳು. ಆ ರೋಗದ ಒಂದೊಂದು ಮೆಟ್ಟಿಲೂ ಚಿಕ್ಕಮ್ಮನಿಗೆ ಗೊತ್ತು.

"ಅಮ್ಮನ್ನ ನಾನು ನೋಡ್ಕೊಂಡೆ" ಎಂದಳು. "ನನ್ನನ್ನ ನೋಡ್ಕೊಳ್ಳೋಕೆ ನಾನಿರಲ್ವಲ್ಲೇ."

ಅವಳು ಎಲ್ಲವನ್ನೂ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಗುರುವಾರ ಡಾಕ್ಟರ ಹತ್ತಿರ ಹೋಗುವುದು. ಶುಕ್ರವಾರ ಅಂಗಡಿಯಲ್ಲಿ ಕೆಲಸ ಬಿಡುತ್ತೇನೆಂದು ಹೇಳುವುದು. ಯಜಮಾನರು ಒಳ್ಳೆಯವರೇ, ಕೆಲಸದಿಂದ ತೆಗೆಯುವ ಮಾತಾಡಿರಲಿಲ್ಲ. ಆದರೆ "ನೀವು ಮುಂದಿನ ತಿಂಗಳಿಂದ ಫ್ರೇಮಿನ ಶೋಕೇಸ್ ಹತ್ರ ಆರಾಮಾಗಿ ಕೂತ್ಕೊಳ್ಳಿ" ಎಂದಿದ್ದರಂತೆ. ಆ 'ಆರಾಮಾಗಿ' ಎಂಬ ಒಂದು ಶಬ್ದವೇ ಅವಳ ಹೊಟ್ಟೆಗೆ ಬೆಂಕಿ ಹಚ್ಚಿತ್ತು. ಡಾಕ್ಟರಿಗೆ ತೋರಿಸಲೆಂದು ತಾನು ಮಾಡಿದ ತಪ್ಪುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ತಾರೀಖು, ಗಂಟೆ, ಯಾರದನ್ನು ಒತ್ತಿದೆ ಎಂದುಕೊಂಡಿದ್ದಳು, ಯಾರದು ಹೋಯಿತು. ಒಟ್ಟು ಹದಿನಾಲ್ಕು. ಮುದ್ದಾದ ಅಕ್ಷರ.

"ಎರಡು ದಿನ ಕೊಡು, ನೋಡಿ ಕೊಡ್ತೀನಿ" ಎಂದು ಇಸಕೊಂಡು ಬಂದೆ. ಆಗಲೂ ನನ್ನ ಪ್ರೋಗ್ರಾಮಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಚಿಕ್ಕಮ್ಮನಿಗೆ ಎಷ್ಟರ ಮಟ್ಟಿಗೆ ಮರೆವಾಗಿದೆ ಎಂದು ತಿಳಿದುಕೊಳ್ಳುವ ಭಯ ಮಾತ್ರ ಇತ್ತು.

ಸೋಮವಾರ ಬೆಳಿಗ್ಗೆ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಯಾರು ಎಷ್ಟು ಗಂಟೆಗೆ ಪಟ್ಟಿಗೆ ಸೇರಿದರು, ಯಾವ ಚೀಟಿ ಯಾವಾಗ ಹೊರಬಂತು ಎಂಬುದನ್ನೆಲ್ಲ ಪ್ರೋಗ್ರಾಮ್ ಬರೆದಿಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡತೊಡಗಿದೆ.

ಮೊದಲನೆಯದು: ಡ್ರೈವಿಂಗ್ ಮೇಷ್ಟರ ಬದಲು ಕಸೂತಿ ಅಜ್ಜಿ. ಪಟ್ಟಿಯಲ್ಲಿ ಅಜ್ಜಿಯ ಹೆಸರು ಮೇಷ್ಟರ ಹೆಸರಿನ ಸರಿಯಾಗಿ ಮೇಲೆ. ಎರಡನೆಯದು: ಕ್ಷೌರಿಕನ ಬದಲು ಯಾರೋ ಬ್ಯಾಂಕಿನವರು. ಅವರೂ ಸರಿಯಾಗಿ ಮೇಲಿನ ಸಾಲು. ಮೂರನೆಯದೂ ಮೇಲಿನ ಸಾಲು. ನಾಲ್ಕನೆಯದೂ. ಐದನೆಯದನ್ನು ನೋಡುವಾಗ ಕಾಫಿ ಲೋಟ ಕೆಳಗಿಟ್ಟೆ.

ಹದಿನಾಲ್ಕರಲ್ಲಿ ಹದಿಮೂರು ಹಾಗೆಯೇ ಇದ್ದವು. ಹನ್ನೊಂದನೆಯದೊಂದು ಮಾತ್ರ ಲೆಕ್ಕಕ್ಕೆ ಕೂಡಲಿಲ್ಲ. ಅಲ್ಲಿ ಹೋಗಿದ್ದ ಹೆಸರು ಆರು ಸಾಲು ಕೆಳಗಿತ್ತು. ಅದನ್ನು ಬದಿಗಿಟ್ಟೆ. ಉಳಿದವುಗಳಲ್ಲಿ ಒಂದಾದರೂ ಕೆಳಗಿನ ಸಾಲಿಗೆ ಜಾರಿದ್ದರೆ, ಒಂದಾದರೂ ಎರಡು ಸಾಲು ಹಾರಿದ್ದರೆ ಮರೆವು ಎನ್ನಬಹುದಿತ್ತು. ಹದಿಮೂರು ಸಲವೂ ಒಂದೇ ಮನೆ ಮೇಲಕ್ಕೆ! ಮರೆವಿಗೆ ಇಷ್ಟೊಂದು ಶಿಸ್ತು ಇರುವುದಿಲ್ಲ. ಇಷ್ಟು ಶಿಸ್ತಾಗಿ, ಇಷ್ಟು ಮೂರ್ಖವಾಗಿ ತಪ್ಪು ಮಾಡುವುದು ಒಂದೇ ಒಂದು ವಸ್ತು. ಅದನ್ನು ಬರೆದವಳು ಕಾಫಿ ಕುಡಿಯುತ್ತಾ ಕೂತಿದ್ದಳು.

ಆ ಒಂದು ಸಾಲನ್ನು ತೆರೆದು ನೋಡಿದೆ. 'ನೀಲಿ ಗೆರೆ ಎಷ್ಟನೆಯ ಸಾಲಿನಲ್ಲಿದೆ ಎಂದು ನೆನಪಿಟ್ಟುಕೋ. ಪಟ್ಟಿ ಹೊಸದಾದ ಮೇಲೆ ಅದೇ ಸಾಲಿಗೆ ಹಾಕು.' ಯಾರ ಹೆಸರಿನ ಮೇಲಿದೆ ಎಂದು ಅಲ್ಲ. ಎಷ್ಟನೆಯ ಸಾಲು ಎಂದು. ಹೊಸಬರೊಬ್ಬರು ಪಟ್ಟಿಯ ತಲೆಯ ಮೇಲೆ ಬಂದು ಕೂತರೆ ಎಲ್ಲರೂ ಒಂದೊಂದು ಸಾಲು ಕೆಳಗಿಳಿಯುತ್ತಾರೆ, ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಕೆಳಗೆ ಈಗ ಬೇರೆಯವರಿರುತ್ತಾರೆ. ಈ ಕೆಲಸ ಕಲಿಯಲು ಬಂದವರಿಗೆ ಮೊದಲನೆಯ ತಿಂಗಳಲ್ಲೇ ನಾನು ಬೈದು ಹೇಳುವ ಪಾಠ ಇದು.

ಆದರೂ ಅರ್ಥವಾಗದ್ದು ಒಂದಿತ್ತು. ಬಿರುಗಾಳಿಗೆ ಯಾಕೆ ಆಗಲಿಲ್ಲ? ಅವಳದೂ ಅದೇ ಪ್ರೋಗ್ರಾಮು. ಮಧ್ಯಾಹ್ನ ನೇರವಾಗಿ ಅಂಗಡಿಗೆ ಹೋಗಿ ಕೌಂಟರಿನ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತೆ.

ಬಿರುಗಾಳಿ: ಹೆಸರು, ಟಕ್ ಟಕ್, ಮುಂದಿನವರು. ಒಂದು ಸೆಕೆಂಡು.

ಚಿಕ್ಕಮ್ಮ: ಹೆಸರಿನ ಮೇಲೆ ಕ್ಲಿಕ್ ಮಾಡಿದಳು. ನೀಲಿಯಾಯಿತು. ಆಮೇಲೆ ಪರದೆಯಿಂದ ಪೂರ್ತಿ ತಿರುಗಿ ಎದುರಿದ್ದ ಮುದುಕರ ಮುಖ ನೋಡಿದಳು. "ನಿಮ್ಮ ಹೆಸರು ಇದೇ ಅಲ್ವಾ? ಬಲಗಣ್ಣು ಎರಡೂವರೆ. ಎಡಗಣ್ಣು ಎರಡೂಕಾಲು. ದೂರಕ್ಕೂ ಹತ್ರಕ್ಕೂ ಒಂದೇ ಕನ್ನಡಕ. ಸರಿ ತಾನೇ?" ಮುದುಕರಿಗೆ ಕಿವಿ ಮಂದ. ಮತ್ತೊಮ್ಮೆ ಜೋರಾಗಿ ಹೇಳಿದಳು. ಅವರು ಯೋಚಿಸಿ ತಲೆಯಾಡಿಸಿದರು. ಆ ತಲೆಯಾಡಿಸುವುದನ್ನು ನೋಡದೆ ಚಿಕ್ಕಮ್ಮ ಹತ್ತೊಂಬತ್ತು ವರ್ಷದಲ್ಲಿ ಒಂದು ಚೀಟಿಯನ್ನೂ ಕಳಿಸಿದವಳಲ್ಲ. ಆಮೇಲೆ, ಅವರ ಮುಖವನ್ನೇ ನೋಡುತ್ತಾ, ಮೊದಲೇ ಬಟನ್ನಿನ ಮೇಲೆ ತಂದಿಟ್ಟಿದ್ದ ಮೌಸನ್ನು ಒತ್ತಿದಳು. ಹದಿನಾಲ್ಕು ಸೆಕೆಂಡು.

ಆರನೆಯ ಗಿರಾಕಿಯ ಹೊತ್ತಿಗೆ ನನ್ನ ಕಣ್ಣೆದುರೇ ಅದು ನಡೆಯಿತು. ಅವಳು ಒಬ್ಬ ಹೆಂಗಸಿಗೆ ಮುಖ ನೋಡುತ್ತಾ ನಂಬರು ಹೇಳುತ್ತಿದ್ದಳು. ಒಳಗಿನ ಕೋಣೆಯಲ್ಲಿ ಯಾರದೋ ಪರೀಕ್ಷೆ ಮುಗಿಯಿತು. ಪಟ್ಟಿ ಸದ್ದಿಲ್ಲದೆ ಒಂದು ಸಾಲು ಕೆಳಗೆ ಸರಿಯಿತು. ನೀಲಿ ಗೆರೆ ಕಲ್ಲಿನ ಹಾಗೆ ಕೂತಲ್ಲೇ ಕೂತಿತ್ತು. ಹೆಂಗಸು ತಲೆಯಾಡಿಸಿದಳು, ಚಿಕ್ಕಮ್ಮ ಒತ್ತಿದಳು. ನಾನು ಎದ್ದು ಪ್ರಿಂಟರಿನಿಂದ ಆ ಚೀಟಿಯನ್ನು ಕಿತ್ತುಕೊಂಡೆ. ಬೇರೆಯವರದು.

ಅಂದರೆ ಗಿರಾಕಿಯ ಮುಖವನ್ನೇ ನೋಡದವರಿಗೆ ನನ್ನ ಪ್ರೋಗ್ರಾಮ್ ಏನೂ ಮಾಡುತ್ತಿರಲಿಲ್ಲ. ನಿಂತು ಕೇಳಿ ಖಾತ್ರಿ ಮಾಡಿಕೊಳ್ಳುವವರನ್ನು ಮಾತ್ರ ಹುಡುಕಿ ಹುಡುಕಿ ಹೊಡೆಯುತ್ತಿತ್ತು. ಎಷ್ಟು ಜಾಗ್ರತೆ ಮಾಡಿದರೆ ಅಷ್ಟು ತಪ್ಪು. ತಪ್ಪಾಯಿತೆಂದು ಹೆದರಿ ಚಿಕ್ಕಮ್ಮ ಇನ್ನೂ ಹೆಚ್ಚು ಜಾಗ್ರತೆ ಮಾಡಿದಳು, ಇನ್ನೂ ಹೆಚ್ಚು ತಪ್ಪಾಯಿತು.

"ಏನಾಯ್ತೇ? ಮತ್ತೆ ತಪ್ಪಾಯ್ತಾ?" ಎಂದಳು ಚಿಕ್ಕಮ್ಮ. ಮುಖ ಬಿಳಿಚಿಕೊಂಡಿತ್ತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ, ಆ ಸಾಲನ್ನು ಸರಿಮಾಡಿ, 'ಸಣ್ಣಪುಟ್ಟ ಸುಧಾರಣೆಗಳು' ಎಂಬ ಹೆಸರಿನಲ್ಲಿ ಕಳಿಸಿಬಿಡಬಹುದಿತ್ತು. ನಮ್ಮ ಕಸುಬಿನಲ್ಲಿ 'ಸಣ್ಣಪುಟ್ಟ ಸುಧಾರಣೆ' ಎಂದು ಬರೆದಿರುವ ಕಡೆಯೆಲ್ಲ ಒಂದೊಂದು ಹೆಣ ಹೂತಿರುತ್ತದೆ. ತಪ್ಪುಗಳು ನಿಲ್ಲುತ್ತಿದ್ದವು, ಅಂಗಡಿಯ ಕೆಲಸವೂ ನನ್ನ ಕೈಯಲ್ಲೇ ಉಳಿಯುತ್ತಿತ್ತು. ಅರ್ಧ ನಿಮಿಷ ಅದನ್ನೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆಗ ಚಿಕ್ಕಮ್ಮ ಆ ಆರು ವಾರ ತನ್ನ ತಲೆ ಕೆಟ್ಟಿತ್ತು ಎಂದೇ ಜೀವಮಾನವಿಡೀ ನಂಬಿಕೊಂಡಿರುತ್ತಿದ್ದಳು. ಶುಕ್ರವಾರ ಕೆಲಸವನ್ನೂ ಬಿಡುತ್ತಿದ್ದಳು. ಆ ಬೋರ್ಡುಗಳ ನಡುವೆ ಅವಳು ಒಬ್ಬಳೇ ಕೂತಿರುವುದು ಕಣ್ಣಿಗೆ ಕಟ್ಟಿತು. ಯಜಮಾನರನ್ನೂ ಲೆನ್ಸ್ ಉಜ್ಜುವವರನ್ನೂ ಕೌಂಟರಿಗೆ ಕರೆದೆ.

ಶೋಕೇಸಿನಿಂದ ಐದು ಫ್ರೇಮ್ ತಂದು ಕೌಂಟರಿನ ಮೇಲೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಜೋಡಿಸಿದೆ. ಮೂರನೆಯದರ ಮೇಲೆ ಬೆರಳಿಟ್ಟೆ.

"ಚಿಕ್ಕಮ್ಮ ಕೆಂಪು ಫ್ರೇಮನ್ನ ಆರಿಸಿದ್ಲು. ನನ್ನ ಬೆರಳು ಕೆಂಪಿನ ಮೇಲಿದೆ. ಕಾಣುತ್ತಾ? ಈಗ ಅವಳು ಗಿರಾಕಿ ಹತ್ರ ಮಾತಾಡ್ತಿದ್ದಾಳೆ. ಅಷ್ಟರಲ್ಲಿ ಒಳಗಿಂದ ಹೊಸಬ್ರು ಬಂದ್ರು." ಎಲ್ಲವನ್ನೂ ಒಂದೊಂದು ಸ್ಥಾನ ಕೆಳಕ್ಕೆ ಸರಿಸಿ, ತುದಿಯಲ್ಲಿ ಆರನೆಯ ಫ್ರೇಮನ್ನು ಇಟ್ಟೆ. ಬೆರಳನ್ನು ಕದಲಿಸಲಿಲ್ಲ. "ಬೆರಳು ಈಗ ಯಾವುದರ ಮೇಲಿದೆ?"

"ಕಪ್ಪು" ಎಂದಳು ಬಿರುಗಾಳಿ.

"ಚಿಕ್ಕಮ್ಮ ಈಗ ಒತ್ತಿದ್ರೆ ಹೋಗೋದು ಕಪ್ಪು. ಅವಳು ಆರಿಸಿದ್ದು ಕೆಂಪು. ಪ್ರೋಗ್ರಾಮ್ ಬೆರಳಿನ ಜಾಗ ನೆನಪಿಟ್ಕೊಂಡಿದೆ, ಫ್ರೇಮನ್ನ ನೆನಪಿಟ್ಕೊಂಡಿಲ್ಲ. ಹಾಗೆ ಬರೆದವಳು ನಾನು. ಮರೆವು ಇರೋದು ಇದಕ್ಕೆ, ಅವಳಿಗಲ್ಲ."

ಯಜಮಾನರು ಫ್ರೇಮುಗಳನ್ನು ತಾವೇ ಮತ್ತೊಮ್ಮೆ ಹಿಂದಕ್ಕೆ ಜೋಡಿಸಿ, ತಾವೇ ಬೆರಳಿಟ್ಟು, ತಾವೇ ಸರಿಸಿ ನೋಡಿದರು. "ಹಾಗಾದ್ರೆ ಈ ಹುಡುಗಿಗೆ ಯಾಕಾಗಲ್ಲ?"

"ಅವಳು ಯಾರನ್ನೂ ಏನೂ ಕೇಳಲ್ಲವಲ್ಲ ಸಾರ್. ಪಟ್ಟಿ ಸರಿಯೋದಕ್ಕೆ ಅವಳು ಟೈಮೇ ಕೊಡಲ್ಲ."

"ಅಂದ್ರೆ ನಾನು ಬೇಜವಾಬ್ದಾರಿಯಿಂದ ಮಾಡೋದ್ರಿಂದ ಸರಿಯಾಗಿ ಬರ್ತಿದೆ ಅಂತಾನಾ ಅಕ್ಕ?" ಎಂದಳು ಬಿರುಗಾಳಿ, ಮುಖ ಊದಿಸಿಕೊಂಡು.

"ಹೌದು ಕಣಮ್ಮ" ಎಂದೆ. ಬೇರೆ ಹೇಗೆ ಹೇಳುವುದೋ ತೋಚಲಿಲ್ಲ.

ಲೆನ್ಸ್ ಉಜ್ಜುವವರು ಮೊದಲ ಬಾರಿಗೆ ಬಾಯಿ ಬಿಟ್ಟರು. "ಚೀಟಿ ಮೇಲೆ ಹೆಸರು ಹಾಕು ಅಂತ ನಾನು ಮೊದಲನೇ ದಿನವೇ ಹೇಳಿದ್ದೆ." ಹೇಳಿದ್ದರು. ಜಾಗವಿಲ್ಲ ಎಂದಿದ್ದೆ. ಈಗ ನೋಡಿದರೆ ಅಂಗಡಿಯ ಹೆಸರನ್ನು ಚೀಟಿಯ ತಲೆಯ ಮೇಲೆ ಇಷ್ಟು ದಪ್ಪಕ್ಕೆ ಹಾಕಿಸಿ ಜಾಗ ತಿಂದವಳೂ ನಾನೇ.

ಕೌಂಟರಿನಲ್ಲೇ ಕೂತು ಸರಿಮಾಡಿದೆ. ಸಾಲಿನ ಸಂಖ್ಯೆಯ ಬದಲು ಆ ಗಿರಾಕಿಯ ಆರ್ಡರ್ ಸಂಖ್ಯೆಯನ್ನು ನೆನಪಿಟ್ಟುಕೋ, ಅವರು ಎಲ್ಲಿಗೆ ಸರಿದರೂ ಗೆರೆ ಅವರ ಜೊತೆಗೇ ಹೋಗಲಿ. ಚೀಟಿಯ ಮೇಲೆ ಹೆಸರೂ ಬಂತು. ಇಪ್ಪತ್ತು ನಿಮಿಷ ಹಿಡಿಯಿತು. ಯಜಮಾನರು ನನ್ನನ್ನು ಬೈಯುವುದಕ್ಕೆ ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದವರು, ಅದಕ್ಕೂ ಮೊದಲು ಚಿಕ್ಕಮ್ಮನ ಕಡೆ ತಿರುಗಿ, "ನಂದು ತಪ್ಪಾಯ್ತು ಮೇಡಂ, ನಾನು ಒಂದ್ಸಲ ಪಕ್ಕದಲ್ಲಿ ನಿಂತು ನೋಡ್ಬೇಕಿತ್ತು" ಎಂದರು.

ಚಿಕ್ಕಮ್ಮ ನನ್ನ ಮುಂದೆ ಕೈ ಚಾಚಿದಳು. "ನೋಟ್‌ಬುಕ್ ಕೊಡು."

ಕೊಟ್ಟೆ. ಅವಳು ಮೊದಲ ಪುಟ ತೆರೆದು ಬೆರಳಿಟ್ಟಳು. "ಡ್ರೈವಿಂಗ್ ಮೇಷ್ಟರದ್ದು. ನಾನು ಒತ್ತಿದ್ದು ಸರಿಯಾಗಿತ್ತಾ?"

"ಸರಿಯಾಗಿತ್ತು ಚಿಕ್ಕಮ್ಮ."

"ಕ್ಷೌರದವರದ್ದು?"

"ಸರಿಯಾಗಿತ್ತು."

"ಹೆಡ್‌ಮಿಸ್ಸು?"

"ಅದೂ."

ಗಿರಾಕಿಗಳು ಕಾಯುತ್ತಿದ್ದರು. ಅವಳು ಒಂದನ್ನೂ ಬಿಡಲಿಲ್ಲ. ಒಂದೊಂದು ಹೆಸರಿಗೂ ನನ್ನ ಮುಖ ನೋಡಿ, ನಾನು ತಲೆಯಾಡಿಸುವವರೆಗೆ ಕಾದು, ಆಮೇಲೇ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಅವಳ ಬೆರಳು ಹನ್ನೊಂದನೆಯದಕ್ಕೆ ಬಂತು. ಆರು ಸಾಲು ಕೆಳಗೆ ಹೋಗಿದ್ದ, ನನ್ನ ಲೆಕ್ಕಕ್ಕೆ ಕೂಡದೇ ಇದ್ದ ಆ ಒಂದು.

"ಇದು?"

ಈ ಹೊತ್ತಿನಲ್ಲಿ ನಿಜ ಹೇಳುವಷ್ಟು ಕಲ್ಲೆದೆ ನನಗಿರಲಿಲ್ಲ. ಹದಿಮೂರರ ಜೊತೆಗೆ ಇನ್ನೊಂದು ನನ್ನ ತಲೆಯ ಮೇಲಿದ್ದರೆ ನನಗೇನು ಭಾರ? "ಅದೂ ಸರಿಯಾಗೇ ಒತ್ತಿದ್ದೆ" ಎಂದೆ. "ಅದೂ ಪ್ರೋಗ್ರಾಮಿಂದೇ."

"ಇಲ್ಲ" ಎಂದಳು ಚಿಕ್ಕಮ್ಮ.

"ಹೌದು ಚಿಕ್ಕಮ್ಮ, ನಾನು ನೋಡಿದ್ದೀನಿ."

"ಏನು ನೋಡಿದ್ದೀಯ ಮಣ್ಣು! ಇದು ನಾನೇ ತಪ್ಪು ಒತ್ತಿದ್ದು. ಅವತ್ತು ಬುಧವಾರ. ನಿಮ್ಮಮ್ಮ ಫೋನ್ ಮಾಡಿದ್ಲು, ನಿನಗೆ ಹಲ್ಲುನೋವು, ಎರಡು ದಿನದಿಂದ ಬರೀ ಹಾಲು ಬಿಸ್ಕತ್ತಲ್ಲಿದ್ದೀಯ ಅಂತ. ಫೋನನ್ನ ಕತ್ತಲ್ಲಿ ಸಿಕ್ಕಿಸ್ಕೊಂಡಿದ್ದೆ. ಎದುರಿಗೆ ಹಸಿರು ಕೋಟಿನ ಹೆಂಗಸು, ಕಂಕುಳಲ್ಲಿ ಮಗು, ಅದಕ್ಕೆ ನೆಗಡಿ, ನನ್ನ ಪೆನ್ನು ಕಿತ್ಕೊಂಡು ಬಾಯಿಗೆ ಹಾಕ್ಕೋತು. ಅವಳ ಹೆಸರಿನವಳೇ ಇನ್ನೊಬ್ಬಳು ಕೆಳಗಿದ್ಲು. ನಾನು ನೋಡದೇನೇ ಅವಳ ಮೇಲೆ ಒತ್ತಿದೆ. ಮೂರು ದಿನ ಆದ್ಮೇಲೆ ಟ್ರೇ ವಾಪಸ್ ಬಂದಾಗ್ಲೇ ಹೊಳೀತು. ಬಲಗಣ್ಣು ಒಂದೂಮುಕ್ಕಾಲು, ಎಡಗಣ್ಣು ಒಂದೂವರೆ. ನನಗೆ ಚೆನ್ನಾಗಿ ನೆನಪಿದೆ."

ಹೇಳಿದ ಮಾತು ಅವಳ ಕಿವಿಗೆ ಆಮೇಲೆ ಬಿತ್ತೆಂದು ಕಾಣುತ್ತದೆ. ನೋಟ್‌ಬುಕ್ಕಿನ ಮೇಲಿದ್ದ ಬೆರಳು ಅಲ್ಲೇ ನಿಂತಿತು. ನಾನು ಹಿಂದಿನ ದಾಖಲೆ ತೆರೆದು ಆ ಹೆಸರನ್ನು ಹುಡುಕಿದೆ. ಬುಧವಾರ. ಒಂದೂಮುಕ್ಕಾಲು, ಒಂದೂವರೆ. ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ಓದಿದಳು, ಸ್ಟೂಲಿನ ಮೇಲೆ ಕೂತಳು, ಎಲ್ಲರೆದುರೇ ಗಟ್ಟಿಯಾಗಿ ಅತ್ತುಬಿಟ್ಟಳು. ನಾನೂ ಅತ್ತೆ. ಲೆನ್ಸ್ ಉಜ್ಜುವವರು ಗಾಬರಿಯಾಗಿ ಇಬ್ಬರಿಗೂ ಲೆನ್ಸ್ ಒರೆಸುವ ಒಂದೊಂದು ಬಟ್ಟೆ ತಂದುಕೊಟ್ಟರು.

ಚಿಕ್ಕಮ್ಮ ಮೂಗು ಒರೆಸಿಕೊಂಡು ತಲೆ ಎತ್ತಿದಳು. "ಆರು ವಾರ" ಎಂದಳು. "ಆರು ವಾರ ನನ್ನನ್ನ ನಾನೇ ನಂಬಲಿಲ್ಲ ಕಣೇ. ಕೇಳ್ದಾಗ ಏನಂದೆ? ಕಂಪ್ಯೂಟರ್ ಹೇಳಿದ್ದಷ್ಟೇ ಮಾಡುತ್ತೆ ಅಂದೆ. ಸರಿಯಾಗಿ ನೋಡಿ ಒತ್ತು ಅಂದೆ. ಈಗ ಮತ್ತೆ ಸುಳ್ಳು ಬೇರೆ!"

ಆಮೇಲೆ ಬೈಯಲು ಶುರುಮಾಡಿದಳು. ಏಳನೆಯ ವಯಸ್ಸಿನಲ್ಲಿ ನಾನು ಅವಳ ರೇಡಿಯೋ ಬಿಚ್ಚಿ ಹಾಳುಮಾಡಿ ಬೆಕ್ಕಿನ ಮೇಲೆ ಹೇಳಿದ್ದು, ಆ ರೇಡಿಯೋದ ಬಣ್ಣ, ಅದು ಯಾವ ತಿಂಗಳು, ಬೆಕ್ಕು ಆಗ ಬಸುರಿಯಾಗಿದ್ದದ್ದು. ಹತ್ತನೆಯ ಕ್ಲಾಸಿನಲ್ಲಿ ಅವಳ ಸೀರೆಗೆ ಶಾಯಿ ಚೆಲ್ಲಿ ಮಡಿಸಿಟ್ಟಿದ್ದು, ಎಷ್ಟನೆಯ ಮಡಿಕೆಯೊಳಗೆ ಎಂಬುದೂ ಸೇರಿ. ಎಲ್ಲವೂ ಅನುಕ್ರಮವಾಗಿ ಬಂದವು, ಒಂದೂ ಬಿಟ್ಟುಹೋಗಲಿಲ್ಲ, ಒಂದೂ ಎರಡು ಸಲ ಬರಲಿಲ್ಲ. ಗಿರಾಕಿಗಳು ಫ್ರೇಮು ಹಿಡಿದುಕೊಂಡು ನಿಂತಲ್ಲೇ ನಿಂತು ಕೇಳಿದರು. ನಾನು ತಲೆ ತಗ್ಗಿಸಿ, ಇನ್ನಷ್ಟು ಬೈಯಲಿ ಎಂದು ಆಸೆಪಡುತ್ತಾ ಕೂತಿದ್ದೆ.